ಮೊದಲನೇ ಮಹಾಯುದ್ಧಕ್ಕೆ ಹಳ್ಳಿ ಜನ ನಿಜ್ವಾಗ್ಲೂ ಇಷ್ಟಪಟ್ಟು ಸೇರಿದ್ರಾ?

ಬಯಲುಸೀಮೆ_ಹೈದ: ಆಗ ನಮ್ಮವರಿಗೆ ಕಡ್ಡಾಯ ಭರ್ತಿ ಇರ್ಲಿಲ್ಲ, ಸೇರಿದವ್ರೆಲ್ಲಾ ವಾಲಂಟಿಯರ್ಸ್ ಅಂತ ಓದಿದೀನಿ. ಆದ್ರೆ ಆ ನಾಕು ವರ್ಷ ಸೇರಿದ ಸಿಪಾಯಿಗಳಲ್ಲಿ ಹತ್ರಹತ್ರ ಅರ್ಧ ಜನ ಪಂಜಾಬಿನೋರೇ. ತಿಂಗಳಿಗೆ 11 ರೂಪಾಯಿಗೆ ಅಷ್ಟು ಜನ ತಾವಾಗೇ ಬಂದ್ರಾ?

ಹಳೇಕಡತ: ಕಾನೂನಲ್ಲಿ ಕಡ್ಡಾಯ ಇರ್ಲಿಲ್ಲ ಅಷ್ಟೆ. ಮೊದಮೊದಲು ಸಂಬಳ, ಪಿಂಚಣಿ ನೋಡಿ ಬಂದೋರು ಬೇಕಾದಷ್ಟು ಜನ ಇದ್ರು, ಸುಳ್ಳಲ್ಲ. ಆದ್ರೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಓಡ್ವಯರ್ ಕಾಲದಲ್ಲಿ (ಅದೇ, 1940ರಲ್ಲಿ ಉಧಮ್ ಸಿಂಗ್ ಲಂಡನ್ನಲ್ಲಿ ಗುಂಡು ಹೊಡೆದನಲ್ಲ, ಅವ್ನೇ) 1917ರಿಂದ ಜಿಲ್ಲೆಗಿಷ್ಟು ತಲೆ ಅಂತ ಲೆಕ್ಕ ಕಟ್ಟಿದ್ರು, ಅದು ತಹಸೀಲ್ದಾರ್, ಜೈಲ್ದಾರ್ (ಅಂದ್ರೆ ಒಂದಷ್ಟು ಹಳ್ಳಿಗಳ ಮುಖಂಡ), ಕೊನೆಗೆ ಲಂಬರ್ದಾರ್ ಅಂದ್ರೆ ನಮ್ ಕಡೆ ಪಟೇಲ್ರ ಥರದವ್ರ ತಲೆ ಮೇಲೆ ಬೀಳೋದು, ಜನ ಕೊಟ್ಟೋರಿಗೆ ಕಾಲುವೆ ನೀರಿನ ಜಮೀನು, ಬಿರುದು, ಕೊಡ್ದಿದ್ರೆ ಕಿರುಕುಳ. ಕಂದಾಯ ವಸೂಲಿ ಮಾಡೋನೇ ಮನೆ ಬಾಗ್ಲಿಗೆ ಬಂದು ಮಗನ್ನ ಕಳ್ಸು ಅಂದ್ರೆ ಯಾವ ರೈತ ಇಲ್ಲ ಅಂತಾನೆ? ಪಂಜಾಬಿನ ಶಾಪುರ ಜಿಲ್ಲೇಲಿ ಇದೇ ಸಿಟ್ಟಿಗೆ ಒಬ್ಬ ತಹಸೀಲ್ದಾರನನ್ನ ಕೊಂದೇ ಹಾಕಿದ್ರು.

ಸುಮ್ನೆ_ಓದುಗ: ಒತ್ತಾಯ ಇಲ್ದಿದ್ರೆ ಏನಾಗುತ್ತೆ ಅಂತ ನೋಡೋಕೆ ಗುಜರಾತಿನ ಖೇಡಾ ನೋಡಿ. 1918ರಲ್ಲಿ ಸಾಕ್ಷಾತ್ ಗಾಂಧೀಜಿನೇ ಭರ್ತಿಗೆ ಹೊರಟ್ರು! 600 ಹಳ್ಳಿ, ಹಳ್ಳಿಗೆ 20 ಜನ, ಒಟ್ಟು 12 ಸಾವಿರ ಅಂತ ಲೆಕ್ಕ. ಸ್ವಲ್ಪ ದಿನದ ಹಿಂದೆ ಕಂದಾಯ ಸತ್ಯಾಗ್ರಹಕ್ಕೆ ಪುಕ್ಕಟೆ ಗಾಡಿ ಕೊಟ್ಟಿದ್ದ ಅದೇ ಜನ ಈಗ ಬಾಡಿಗೆಗೂ ಗಾಡಿ ಕೊಡ್ಲಿಲ್ಲ. ಅಹಿಂಸೆ ಅಂತೀರಿ, ಕೋವಿ ಹಿಡೀರಿ ಅಂತ ಹೆಂಗ್ ಹೇಳ್ತೀರಿ, ಸರ್ಕಾರ ನಮಗೇನ್ ಮಾಡಿದೆ ಅಂತ ಮುಖಕ್ಕೆ ಕೇಳಿದ್ರು. ವಲ್ಲಭಭಾಯಿ ಪಟೇಲರಿಗೂ ಮೊದ್ಲು ಮನಸ್ಸು ಒಪ್ಪಿರ್ಲಿಲ್ಲ. ಕೊನೆಗೆ ಗಾಂಧೀಜಿಗೆ ಭೇದಿ ಹತ್ತಿ ಹಾಸಿಗೆ ಹಿಡಿದ್ರು, ಅಷ್ಟ್ರಲ್ಲಿ ಯುದ್ಧಾನೂ ಮುಗೀತು. ಪಂಜಾಬಿನ ಬಲವಂತದ ಭರ್ತಿ ಬಗ್ಗೆನೂ ಹೇಳೋ 1920ರ ಕಾಂಗ್ರೆಸ್ ವರದಿ ಇದೆಯಲ್ಲ, ಅದನ್ನ ಬಹುಪಾಲು ಬರೆದಿದ್ದೂ ಗಾಂಧೀಜಿನೇ.

ಮೈಸೂರ್_ಮಲ್ಲಿಗೆ: ನಮ್ ಮೈಸೂರು ಲ್ಯಾನ್ಸರ್ಸ್ ಮರೀಬೇಡ್ರಪ್ಪ, 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾ ಗೆದ್ದೋರು 💪

ಹಳೇಕಡತ: ಅಕ್ಕಾ, ಅವ್ರು ಯುದ್ಧಕ್ಕೆ ಮೊದ್ಲೇ ಇದ್ದ ಸಂಸ್ಥಾನದ ಕುದುರೆ ಪಡೆ. ಹಳ್ಳಿ ಭರ್ತಿ ಜೊತೆ ಅದನ್ನ ಸೇರಿಸ್ಬೇಡಿ. ಮಹಾರಾಜರು ಯುದ್ಧಕ್ಕೆ ಅಂತ ಕೊಟ್ಟ 50 ಲಕ್ಷ ರೂಪಾಯಿ ಬಗ್ಗೆ ಬೇಕಾದ್ರೆ ಬೇರೆ ಥ್ರೆಡ್ ಹಾಕಿ, ಬರ್ತೀನಿ.