ರೈಲು ನಿಂತ ದಾರಿಯಲ್ಲಿ ಸೈಕಲ್: ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಮೂರು ದಿನದ ಪ್ರವಾಸಕ್ಕೆ ಸಲಹೆ ಬೇಕು

ಪ್ರಶ್ನೆ (ಇಂಗ್ಲೆಂಡಿನ ಡರ್ಬಿಯಿಂದ)

ಎಲ್ಲರಿಗೂ ನಮಸ್ಕಾರ. ಮುಂದಿನ ಮೇ ತಿಂಗಳಲ್ಲಿ ನಮ್ಮ ತಂದೆಯವರು ಮೈಸೂರಿನಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ಅವರಿಗೀಗ 68 ವರ್ಷ. ಕೆಲಸದಲ್ಲಿದ್ದಷ್ಟು ಕಾಲವೂ ಸರಸ್ವತಿಪುರಂನ ಮನೆಯಿಂದ ಕಚೇರಿಗೆ ಸೈಕಲ್ಲಿನಲ್ಲೇ ಹೋಗಿ ಬಂದವರು, ನಿವೃತ್ತಿಯಾದ ಮೇಲೂ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಕಾರು ತೀರಾ ಹತ್ತಿರದಿಂದ ಹಾದುಹೋಗಿ ಅವರು ರಸ್ತೆಯ ಬದಿಗೆ ಬಿದ್ದರು. ದೊಡ್ಡ ಪೆಟ್ಟೇನೂ ಆಗಲಿಲ್ಲವಾದರೂ ಅಂದಿನಿಂದ ಸೈಕಲ್ ಮನೆಯ ಹಿತ್ತಲಿನಲ್ಲಿ ನಿಂತಿದೆ.

ಅವರನ್ನು ಮತ್ತೆ ಸೈಕಲ್ಲಿನ ಮೇಲೆ ಕೂರಿಸಬೇಕೆಂಬುದು ನನ್ನ ಆಸೆ. ಜೊತೆಗೆ ನಾನು ಮತ್ತು ಒಂಬತ್ತು ವರ್ಷದ ಮಗಳು ಇರುತ್ತೇವೆ. ಡರ್ಬಿಯಿಂದ ಪೀಕ್ ಡಿಸ್ಟ್ರಿಕ್ಟ್ ಹತ್ತಿರವಿರುವುದರಿಂದ ಅಲ್ಲಿಯೇ ಮೂರು ದಿನ ಕಳೆಯಬಹುದೆಂದು ಯೋಚಿಸಿದ್ದೇನೆ. ಬೆಟ್ಟ, ಕಣಿವೆ, ನದಿ ಎಲ್ಲವೂ ಸಿಗಬೇಕು, ಆದರೆ ಕಾರು ಓಡಾಡುವ ರಸ್ತೆ ಆದಷ್ಟೂ ಬೇಡ. ಬೆಟ್ಟದ ಸೀಮೆಯಲ್ಲಿ ವಯಸ್ಸಾದವರು ತುಳಿಯಬಹುದಾದ ದಾರಿಗಳು ನಿಜವಾಗಿಯೂ ಇವೆಯೇ? ಒಂದು ದಾರಿಯಿಂದ ಇನ್ನೊಂದಕ್ಕೆ ಸೈಕಲ್ಲಿನಲ್ಲೇ ಸಾಗುತ್ತ ಪ್ರತಿ ರಾತ್ರಿ ಹೊಸ ಊರಿನಲ್ಲಿ ತಂಗಲು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಶೆಫೀಲ್ಡ್‌ನಿಂದ)

ಖಂಡಿತ ಇವೆ, ಮತ್ತು ಅವು ಇರುವುದಕ್ಕೆ ಕಾರಣ ರೈಲು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆಯಾದ್ದರಿಂದ ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದಲೇ ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಗುಡ್ಡ ಬಂದಲ್ಲಿ ಸುರಂಗ ಕೊರೆದು, ಕಣಿವೆ ಬಂದಲ್ಲಿ ಕಮಾನು ಸೇತುವೆ ಕಟ್ಟಿ, ತಗ್ಗು ಬಂದಲ್ಲಿ ಮಣ್ಣಿನ ಏರಿ ಹಾಕಿ ದಾರಿಯನ್ನು ಸಮ ಮಾಡಿದರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲುಮಾರ್ಗ 57 ಸುರಂಗಗಳನ್ನು ಹಾದು, ಐವತ್ತು ಮೀಟರಿಗೆ ಒಂದು ಮೀಟರಿನಂತೆ ಏರುವುದನ್ನು ನೀವು ನೋಡಿರಬಹುದು. ರೈಲಿನ ಲೆಕ್ಕದಲ್ಲಿ ಅದು ಕಠಿಣವಾದ ಏರು, ಸೈಕಲ್ ತುಳಿಯುವವನಿಗೆ ಅಷ್ಟೇನೂ ಅಲ್ಲ. 1960ರ ದಶಕದಲ್ಲಿ ಬ್ರಿಟನ್ನಿನ ಅನೇಕ ರೈಲುಮಾರ್ಗಗಳನ್ನು ಮುಚ್ಚಿದಾಗ ಪೀಕ್ ಡಿಸ್ಟ್ರಿಕ್ಟ್‌ನ ಮಾರ್ಗಗಳೂ ಮುಚ್ಚಿದವು. 1951ರಲ್ಲಿ ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಗಿದ್ದ ಈ ಪ್ರದೇಶದ ಆಡಳಿತವು ಹಳಿ ಕಿತ್ತ ಆ ಜಾಗವನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಮತ್ತು ಕುದುರೆ ಸವಾರರಿಗೆ ದಾರಿಯಾಗಿ ಉಳಿಸಿಕೊಂಡಿತು.

ನನ್ನನ್ನು ಕೇಳಿದರೆ ಮೊದಲ ದಿನ ಮಾನ್ಸಲ್ ಟ್ರೇಲ್‌ಗೆ ಹೋಗಿ. ವೈ ನದಿಯ ಕಣಿವೆಯಲ್ಲಿ ಬೇಕ್‌ವೆಲ್‌ನಿಂದ ಬ್ಲ್ಯಾಕ್‌ವೆಲ್ ಮಿಲ್‌ವರೆಗೆ ಎಂಟೂವರೆ ಮೈಲಿ, ಎಂದರೆ ಸುಮಾರು ಹದಿನಾಲ್ಕು ಕಿಲೋಮೀಟರ್. 1863ರಲ್ಲಿ ರೈಲು ಬಂದ ಈ ಕಣಿವೆಯಲ್ಲಿ 1968ರಲ್ಲಿ ರೈಲು ನಿಂತಿತು. ದಾರಿಯನ್ನು ಜನರಿಗೆ ತೆರೆದ ಮೇಲೂ ಬಹುಕಾಲ ಸುರಂಗಗಳು ಮುಚ್ಚಿಯೇ ಇದ್ದುದರಿಂದ ಸೈಕಲ್ಲಿನವರಿಗೆ ಅದು ತುಂಡುತುಂಡಾದ ದಾರಿಯಾಗಿತ್ತು. 2011ರಲ್ಲಿ ಹೆಡ್‌ಸ್ಟೋನ್, ಕ್ರೆಸ್‌ಬ್ರುಕ್, ಲಿಟನ್ ಮತ್ತು ಚೀ ಟಾರ್ ಎಂಬ ನಾಲ್ಕು ಸುರಂಗಗಳನ್ನು ತೆರೆದ ಮೇಲೆ ದಾರಿ ಒಂದಾಯಿತು. ಒಳಗೆ ದೀಪಗಳಿವೆ, ಆದರೆ ಕತ್ತಲಾಗುವ ಹೊತ್ತಿಗೆ ಅವನ್ನು ಆರಿಸುತ್ತಾರೆ. ಒಳಗೆ ಛಳಿ ಇರುತ್ತದೆ, ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ಆದ್ದರಿಂದ ತಂದೆಯವರ ಸ್ವೆಟರನ್ನು ಚೀಲದ ತಳದಲ್ಲಿ ಇಡದೆ ಮೇಲೆಯೇ ಇಟ್ಟುಕೊಳ್ಳಿ. ಹೆಡ್‌ಸ್ಟೋನ್ ಸುರಂಗದ ಕತ್ತಲೆಯಿಂದ ಹೊರಗೆ ಬಂದ ಕೂಡಲೇ ದಾರಿ ಐದು ಕಮಾನುಗಳ ಸೇತುವೆಯ ಮೇಲಿರುತ್ತದೆ, ಕೆಳಗೆ ನದಿ ಬಳಸಿಕೊಂಡು ಹೋಗುತ್ತದೆ. ಈ ಸೇತುವೆ ಕಣಿವೆಯ ಅಂದವನ್ನು ಕೆಡಿಸಿತೆಂದು ಲೇಖಕ ಜಾನ್ ರಸ್ಕಿನ್ ಅಂದು ಕಟುವಾಗಿ ವಿರೋಧಿಸಿದ್ದರು. ಇಂದು ಜನರು ಅದನ್ನು ನೋಡುವುದಕ್ಕೆಂದೇ ಬರುತ್ತಾರೆ. ಮುಂದೆ ಹತ್ತಿ ಗಿರಣಿಗಳ ಹಳೆಯ ಕಟ್ಟಡಗಳು, ಸುಣ್ಣದ ಗೂಡುಗಳು ಸಿಗುತ್ತವೆ. ಹ್ಯಾಸಪ್ ಮತ್ತು ಮಿಲ್ಲರ್ಸ್ ಡೇಲ್ ಎಂಬಲ್ಲಿ ಹಳೆಯ ನಿಲ್ದಾಣಗಳೇ ಈಗ ಉಪಾಹಾರ ಗೃಹಗಳಾಗಿವೆ. ಬೇಕ್‌ವೆಲ್‌ನಿಂದ ಹೊರಟರೆ ಹೋಗುವಾಗ ಅರಿವಿಗೇ ಬಾರದಷ್ಟು ಏರು, ದಣಿದು ಮರಳುವಾಗ ಇಳಿಜಾರು.

ಎರಡನೆಯ ದಿನಕ್ಕೆ ಟಿಸಿಂಗ್‌ಟನ್ ಟ್ರೇಲ್. ಆಶ್‌ಬರ್ನ್‌ನಿಂದ ಪಾರ್ಸ್ಲಿ ಹೇವರೆಗೆ ಹದಿಮೂರು ಮೈಲಿ, ಅಂದರೆ 21 ಕಿಲೋಮೀಟರ್ ದೂರದಲ್ಲಿ 200 ಮೀಟರಿಗೂ ಸ್ವಲ್ಪ ಹೆಚ್ಚು ಏರುತ್ತದೆ; ಸರಾಸರಿ ನೂರಕ್ಕೆ ಒಂದು. ಪಾರ್ಸ್ಲಿ ಹೇಯಲ್ಲಿ ಇದಕ್ಕೆ ಹೈ ಪೀಕ್ ಟ್ರೇಲ್ ಬಂದು ಸೇರುತ್ತದೆ. ಅದು 1831ರಲ್ಲಿ ಪೂರ್ಣಗೊಂಡ ಕ್ರಾಮ್‌ಫರ್ಡ್ ಮತ್ತು ಹೈ ಪೀಕ್ ರೈಲ್ವೆಯ ಜಾಡು. ಹೀಗೆ ಒಂದರಿಂದ ಇನ್ನೊಂದಕ್ಕೆ ಸೇರಿಕೊಂಡು ಮೂರು ದಿನ ಸಾಗಬಹುದು.

ಉತ್ತರ 2 (ಸ್ಟೋಕ್‌ನಿಂದ)

ಮೇಲಿನ ಉತ್ತರ ನೀಡಿದವರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಕೊನೆಯ ವಾಕ್ಯವನ್ನು ನಂಬಿ ಹೊರಟರೆ ಒಂಬತ್ತು ವರ್ಷದ ಮಗುವನ್ನು ಕರೆದುಕೊಂಡು ಲಾರಿಗಳ ನಡುವೆ ಸಿಕ್ಕಿಕೊಳ್ಳಬೇಕಾದೀತು. ಟಿಸಿಂಗ್‌ಟನ್ ಮತ್ತು ಹೈ ಪೀಕ್ ದಾರಿಗಳು ಒಂದಕ್ಕೊಂದು ಸೇರುವುದು ನಿಜ. ಮಾನ್ಸಲ್ ಟ್ರೇಲ್ ಮಾತ್ರ ಯಾವುದಕ್ಕೂ ಸೇರುವುದಿಲ್ಲ. ಅದರ ಪಶ್ಚಿಮದ ತುದಿಯಿಂದ ಬಕ್ಸ್‌ಟನ್‌ಗೆ ಹೋಗಲು ಎ6 ಹೆದ್ದಾರಿಯೇ ನೇರ ದಾರಿ, ಅದರಲ್ಲಿ ಮಕ್ಕಳನ್ನು ಸೈಕಲ್ ಮೇಲೆ ಕರೆದೊಯ್ಯುವ ಮಾತೇ ಬೇಡ. ಬೇಕ್‌ವೆಲ್‌ನಿಂದ ಪಾರ್ಸ್ಲಿ ಹೇ ಕಡೆಗೆ ಹೋಗುವುದಾದರೆ ಕಣಿವೆಯಿಂದ ಪ್ರಸ್ಥಭೂಮಿಗೆ ಹಳ್ಳಿಯ ಕಿರಿದಾದ ರಸ್ತೆಗಳಲ್ಲಿ ಕಡಿದಾಗಿ ಹತ್ತಬೇಕು. ಈ ಎಲ್ಲ ದಾರಿಗಳನ್ನೂ ಜೋಡಿಸಿ ಸುಮಾರು ಅರವತ್ತು ಮೈಲಿಯ ಒಂದು ವರ್ತುಲ ಮಾಡಬೇಕೆಂದು ವೈಟ್ ಪೀಕ್ ಲೂಪ್ ಎಂಬ ಯೋಜನೆಯಿದೆ. ನಡುವಿನ ಕೊಂಡಿಗಳು ಪೂರ್ಣವಾಗುವವರೆಗೆ ಅದನ್ನು ನಕ್ಷೆಯಲ್ಲಿ ನೋಡಿ ಮೋಸಹೋಗಬಾರದು.

ನಾನೇ ಹಾಗೆ ಮೋಸಹೋದವನು. ಕ್ರಾಮ್‌ಫರ್ಡ್ ನಿಲ್ದಾಣದಲ್ಲಿ ರೈಲಿನಿಂದಿಳಿದು, ಕಾಲುವೆಯ ದಡದಲ್ಲಿ ಸುಖವಾಗಿ ಸಾಗಿ, ತುಂಬಿದ ಚೀಲಗಳನ್ನು ಹೊತ್ತ ಸೈಕಲ್ಲಿನಲ್ಲಿ ಹೈ ಪೀಕ್ ಟ್ರೇಲ್ ಹತ್ತಲು ಹೊರಟೆ. ರೈಲಿನ ದಾರಿ ಎಂದ ಮೇಲೆ ಸಮವಾಗಿರುತ್ತದೆಂದು ನಂಬಿದ್ದೆ. ಆದರೆ ಈ ರೈಲ್ವೆ ಬಲು ಹಳೆಯದು. ಕಡಿದಾದ ಕಡೆಗಳಲ್ಲಿ ಬೋಗಿಗಳನ್ನು ಎಂಜಿನ್ ಎಳೆಯುತ್ತಿರಲಿಲ್ಲ. ಮೇಲೆ ಸ್ಥಿರವಾಗಿ ನಿಲ್ಲಿಸಿದ ಉಗಿಯಂತ್ರವು ಹಗ್ಗ ಕಟ್ಟಿ, ಬಾವಿಯಿಂದ ಕೊಡ ಸೇದಿದ ಹಾಗೆ ಸೇದುತ್ತಿತ್ತು. ಶೀಪ್ ಪಾಸ್ಚರ್ ಮತ್ತು ಮಿಡಲ್‌ಟನ್ ಇಳಿಜಾರುಗಳಲ್ಲಿ ಸುಮಾರು ಎಂಟು ಮೀಟರಿಗೆ ಒಂದು ಮೀಟರ್ ಏರು. ನಾನು ಎರಡನ್ನೂ ಸೈಕಲ್ ತಳ್ಳಿಕೊಂಡೇ ಹತ್ತಿದೆ. ಆದ್ದರಿಂದ ಹೈ ಪೀಕ್ ಟ್ರೇಲ್ ಬೇಕೆಂದರೆ ಎರಡೂ ಇಳಿಜಾರುಗಳ ಮೇಲಿರುವ ಮಿಡಲ್‌ಟನ್ ಟಾಪ್‌ನಿಂದ ಆರಂಭಿಸಿ. 1829ರ ಆ ಉಗಿಯಂತ್ರ ಅಲ್ಲಿ ಇಂದಿಗೂ ಇದೆ, ಮಗುವಿಗೆ ತೋರಿಸಲೇಬೇಕಾದದ್ದು. ಹಾಗೆಯೇ ಟಿಸಿಂಗ್‌ಟನ್ ದಾರಿಯಲ್ಲಿ ಆಶ್‌ಬರ್ನ್ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಹಳೆಯ ಸೇತುವೆ ಇಲ್ಲದ ಒಂದು ಹಳ್ಳ ಬರುತ್ತದೆ; ಅಲ್ಲಿ ಥಟ್ಟನೆ ಇಳಿದು ಥಟ್ಟನೆ ಏರಬೇಕು. ತಂದೆಯವರು ಅಲ್ಲಿ ಇಳಿದು ನಡೆಯಲಿ.

ನನ್ನ ಸಲಹೆಯೆಂದರೆ ಪ್ರತಿ ರಾತ್ರಿ ಊರು ಬದಲಿಸದೆ ಹಾರ್ಟಿಂಗ್‌ಟನ್ ಹಳ್ಳಿಯಲ್ಲಿ ತಂಗಿ. ಅಲ್ಲಿಂದ ಟಿಸಿಂಗ್‌ಟನ್ ದಾರಿಯೂ ಹತ್ತಿರ, ಮ್ಯಾನಿಫೋಲ್ಡ್ ಕಣಿವೆಯ ದಾರಿ ಹೊರಡುವ ಹಲ್ಮ್ ಎಂಡ್ ಕೂಡ ಹತ್ತಿರ. ಈ ಮ್ಯಾನಿಫೋಲ್ಡ್ ದಾರಿಯನ್ನು ಯಾರೂ ಹೇಳಲಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಯಿತು. 1904ರಿಂದ 1934ರವರೆಗೆ, ಕೇವಲ ಮೂವತ್ತು ವರ್ಷ ಓಡಿದ ಪುಟ್ಟ ನ್ಯಾರೋ ಗೇಜ್ ರೈಲಿನ ಜಾಡು ಅದು. ಎಂಟು ಮೈಲಿ, ಪೂರ್ತಿ ಡಾಂಬರು. ಬೇಸಿಗೆಯಲ್ಲಿ ನದಿ ವೆಟನ್ ಮಿಲ್ ಬಳಿ ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗಿ, ನೆಲದಡಿಯಲ್ಲೇ ಹರಿದು ಐಲಮ್ ಬಳಿ ಮತ್ತೆ ಮೇಲೆ ಬರುತ್ತದೆ. ಒಣಗಿದ ಪಾತ್ರದ ಪಕ್ಕದಲ್ಲಿ ತುಳಿಯುತ್ತ ನದಿ ನಮ್ಮ ಕಾಲ ಕೆಳಗೇ ಹರಿಯುತ್ತಿದೆ ಎಂದು ನೆನೆಯುವುದು ನನಗೆ ಪ್ರತಿ ಸಲವೂ ರೋಮಾಂಚನವನ್ನು ಉಂಟುಮಾಡಿದೆ. ಒಂದು ಎಚ್ಚರಿಕೆ ಇಲ್ಲಿಯೂ ಇದೆ: ಸ್ವೇನ್ಸ್‌ಲಿ ಸುರಂಗ ಮತ್ತು ವೆಟನ್ ಮಿಲ್ ನಡುವಿನ ಭಾಗದಲ್ಲಿ ಕಾರುಗಳಿಗೂ ಪ್ರವೇಶವಿದೆ. ವಾರದ ನಡುವಿನ ದಿನ ಹೋದರೆ ತೊಂದರೆಯಿಲ್ಲ.

ಉತ್ತರ 3 (ಮ್ಯಾಂಚೆಸ್ಟರ್‌ನಿಂದ)

ತಂದೆಯವರಿಗೆ ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವುದನ್ನು ದಯವಿಟ್ಟು ಯೋಚಿಸಿ. ಇಲ್ಲಿನ ಕಾನೂನಿನ ಪ್ರಕಾರ ಮೋಟಾರು 250 ವ್ಯಾಟ್ ಮೀರದೆ, ಪೆಡಲ್ ತುಳಿದಾಗ ಮಾತ್ರ ನೆರವಾಗಿ, ಗಂಟೆಗೆ ಹದಿನೈದೂವರೆ ಮೈಲಿ ವೇಗದಲ್ಲಿ ನೆರವು ನಿಲ್ಲಿಸುವ ಸೈಕಲ್ಲಿಗೆ ಲೈಸೆನ್ಸೂ ಬೇಡ, ವಿಮೆಯೂ ಬೇಡ. ಹದಿನಾಲ್ಕು ವರ್ಷ ತುಂಬಿರಬೇಕಾದ್ದರಿಂದ ಮಗಳಿಗೆ ಅದು ಸಲ್ಲದು. ನಮ್ಮ ಮಾವನವರು ಮೊದಲು ಅದನ್ನು ಮುಟ್ಟಲೂ ಒಪ್ಪಲಿಲ್ಲ, ಇಷ್ಟು ವರ್ಷ ತುಳಿದವನಿಗೆ ಮೋಟಾರು ಯಾಕೆ ಎಂದರು. ಎದುರುಗಾಳಿಯಲ್ಲಿ ಹತ್ತು ಕಿಲೋಮೀಟರ್ ಸಾಗಿದ ಮೇಲೆ ತಾವಾಗಿಯೇ ಗುಂಡಿ ಒತ್ತಿದರು. ಈ ದಾರಿಗಳಲ್ಲಿ ಏರಿಗಿಂತ ಗಾಳಿಯೇ ಹೆಚ್ಚು ದಣಿಸುತ್ತದೆ, ಪಾರ್ಸ್ಲಿ ಹೇ ಸುತ್ತಮುತ್ತಲಿನ ಬಯಲಿನಲ್ಲಂತೂ ಮರದ ಆಸರೆಯೇ ಇಲ್ಲ.

ಮ್ಯಾನಿಫೋಲ್ಡ್ ಬಿಟ್ಟು ಉಳಿದ ದಾರಿಗಳಿಗೆ ಹಾಸಿರುವುದು ಸುಣ್ಣದಕಲ್ಲಿನ ಪುಡಿ. ಮಳೆ ಬಂದರೆ ಅದು ಬಿಳಿ ಕೆಸರಾಗಿ ಚೈನಿಗೂ ಬ್ರೇಕಿಗೂ ಮೆತ್ತಿಕೊಳ್ಳುತ್ತದೆ. ಮಡ್‌ಗಾರ್ಡ್ ಇರುವ, ಅಗಲವಾದ ಟೈರಿನ ಸೈಕಲ್ಲೇ ಇರಲಿ, ಸಂಜೆ ಮರೆಯದೆ ತೊಳೆಯಿರಿ. ವಾಹನಗಳಿಲ್ಲ ಎಂದ ಮಾತ್ರಕ್ಕೆ ದಾರಿ ಖಾಲಿ ಇರುತ್ತದೆ ಎಂದಲ್ಲ. ನಾಯಿ, ಕುದುರೆ, ತಳ್ಳುಗಾಡಿಯ ಕೂಸು ಎಲ್ಲರದೂ ಅದೇ ದಾರಿ. ಬೆಲ್ ಬೇಕೇ ಬೇಕು, ಕುದುರೆಯ ಹಿಂದೆ ಮಾತ್ರ ಬೆಲ್ ಹೊಡೆಯದೆ ದೂರದಿಂದಲೇ ಮಾತಾಡಿಸಿ ಮುಂದೆ ಹೋಗಬೇಕು.

ಉತ್ತರ 4 (ಸಾಗರದ ಕಡೆಯವರು, ಈಗ ಶೆಫೀಲ್ಡ್‌ನಲ್ಲಿ)

ಮೂರನೆಯ ದಿನ ಶನಿವಾರವೋ ಭಾನುವಾರವೋ ಆಗುವಂತಿದ್ದರೆ ಡರ್ವೆಂಟ್ ಕಣಿವೆಯ ಮೇಲ್ಭಾಗವನ್ನೂ ಪರಿಗಣಿಸಿ. ಫೇರ್‌ಹೋಮ್ಸ್‌ನಿಂದ ಮುಂದಕ್ಕೆ ಜಲಾಶಯಗಳ ಪಕ್ಕದ ರಸ್ತೆಯನ್ನು ವಾರಾಂತ್ಯಗಳಲ್ಲಿಯೂ ಸಾರ್ವಜನಿಕ ರಜಾದಿನಗಳಲ್ಲಿಯೂ ಮೋಟಾರು ವಾಹನಗಳಿಗೆ ಮುಚ್ಚುತ್ತಾರೆ. ಕೆಳಗಿನ ಲೇಡಿಬೋವರ್ ಜಲಾಶಯ ತುಂಬಿದಾಗ ಡರ್ವೆಂಟ್ ಮತ್ತು ಆಶಪ್ಟನ್ ಎಂಬ ಎರಡು ಹಳ್ಳಿಗಳು ಮುಳುಗಿದವು. ಮಳೆ ಕೈಕೊಟ್ಟ ವರ್ಷ ನೀರು ತಗ್ಗಿದರೆ ಡರ್ವೆಂಟ್ ಹಳ್ಳಿಯ ಮನೆಗಳ ಅಡಿಪಾಯ ಕಾಣುತ್ತದೆ. ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಮಡೇನೂರಿನ ಹಳೆಯ ಅಣೆಕಟ್ಟು ಮೇಲೇಳುವುದನ್ನು ನೋಡುತ್ತ ಬೆಳೆದವಳು ನಾನು, ನಮ್ಮ ಅಜ್ಜನ ಗದ್ದೆ ಆ ನೀರಿನಡಿಯಲ್ಲಿದೆ. ಆದ್ದರಿಂದ ಈ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ನೀರನ್ನು ನೋಡುತ್ತ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಟಿಸಿಂಗ್‌ಟನ್ ಹಳ್ಳಿಯಲ್ಲಿ ಈಸ್ಟರಿನಿಂದ ನಲವತ್ತನೆಯ ದಿನದ ಆಸುಪಾಸಿನಲ್ಲಿ ಊರಿನ ಬಾವಿಗಳನ್ನು ಅಲಂಕರಿಸುತ್ತಾರೆ. ಹಲಗೆಗೆ ಜೇಡಿಮಣ್ಣು ಮೆತ್ತಿ, ಹೂವಿನ ಎಸಳುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಮಾಡಿ ಬಾವಿಯ ಮುಂದೆ ನಿಲ್ಲಿಸುತ್ತಾರೆ. ಗಂಗೆ ಪೂಜೆ ಮಾಡಿ ಬೆಳೆದ ಹಿರಿಯರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ನಿಮ್ಮ ದಿನಾಂಕಕ್ಕೆ ಹೊಂದಿದರೆ ತಪ್ಪಿಸಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರತಿ ರಾತ್ರಿ ಊರು ಬದಲಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಹಾರ್ಟಿಂಗ್‌ಟನ್‌ನಲ್ಲಿ ಮೂರು ರಾತ್ರಿಗೆ ಕೋಣೆ ಕಾಯ್ದಿರಿಸಿದ್ದೇನೆ. ಬುಧವಾರ ಕಾರಿನಲ್ಲಿ ಬೇಕ್‌ವೆಲ್‌ಗೆ ಹೋಗಿ ಮಾನ್ಸಲ್ ಟ್ರೇಲ್, ಗುರುವಾರ ಮ್ಯಾನಿಫೋಲ್ಡ್ ಕಣಿವೆ, ಶುಕ್ರವಾರ ಪಾರ್ಸ್ಲಿ ಹೇಯಿಂದ ಟಿಸಿಂಗ್‌ಟನ್ ಹಳ್ಳಿಯವರೆಗೆ. ಶುಕ್ರವಾರ ಹೋಗುವಾಗ ಇಳಿಜಾರು, ಬರುವಾಗ ಏರು ಎಂಬುದು ಗೊತ್ತಿದೆ. ಬಾವಿಗಳ ಅಲಂಕಾರವನ್ನು ನೋಡಲೇಬೇಕೆಂದು ಮಗಳು ಹಠ ಹಿಡಿದಿರುವುದರಿಂದ ಆ ದಿನಕ್ಕೆ ಮಾತ್ರ ತಂದೆಯವರಿಗೆ ಎಲೆಕ್ಟ್ರಿಕ್ ಸೈಕಲ್ ಹೇಳಿದ್ದೇನೆ. ಡರ್ವೆಂಟ್ ಕಣಿವೆಗೆ ಶನಿವಾರ ಮರಳುವ ಮೊದಲು ಅರ್ಧ ದಿನ ಮೀಸಲಿಡುತ್ತೇವೆ.

ನಿನ್ನೆ ಫೋನಿನಲ್ಲಿ ಅವರಿಗೆ ಇದನ್ನೆಲ್ಲ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಅಲ್ಲಿನ ಬಾಡಿಗೆ ಸೈಕಲ್ಲಿಗೆ ಹಿಂದೆ ಕ್ಯಾರಿಯರ್ ಇರುತ್ತದೆಯೇ, ಬುತ್ತಿ ಕಟ್ಟಿಕೊಳ್ಳಬೇಕಲ್ಲ, ಎಂದು ಕೇಳಿದರು. ತಿಳಿದವರು ಅದೊಂದನ್ನು ತಿಳಿಸಿದರೆ ಉಪಕಾರವಾಗುತ್ತದೆ.