ಕಾಂಕ್ರೀಟ್ ನೆಲದ ಮೇಲೆ ಗಟ್ಟಿಮರದ ಹಲಗೆ ಅಂಟಿಸಿದವರು ಇದ್ದೀರಾ?

ಕೇಳಿದವರು:
ಹೊಸ ಕೋಣೆ. ನೆಲಮಹಡಿ. 100 ಮಿ.ಮೀ. ದಪ್ಪದ ಕಾಂಕ್ರೀಟ್, ಹಾಕಿ ಎರಡು ತಿಂಗಳಾಯಿತು. ಅದರ ಮೇಲೆ 18 ಮಿ.ಮೀ. ದಪ್ಪ, 120 ಮಿ.ಮೀ. ಅಗಲದ, ಒಂದೇ ತುಂಡಿನ ಗಟ್ಟಿಮರದ ಹಲಗೆ ಅಂಟಿಸಬೇಕು ಅಂತಿದ್ದೇನೆ. ಮೊಳೆ ಬೇಡ. ನೆಲ ನೋಡೋಕೆ ಚೆನ್ನಾಗಿ ಒಣಗಿದೆ. ಹಲಗೆಯ ಕಟ್ಟುಗಳು ಆಗಲೇ ಬಂದು ಅದೇ ಕೋಣೆಯಲ್ಲಿ ಕೂತಿವೆ. ಯಾವ ಅಂಟು ಒಳ್ಳೆಯದು?

ಅರೆಬರೆ ಬಡಗಿ:
ಅಂಟಿನ ಮಾತು ಆಮೇಲೆ ಸರ್. "ನೋಡೋಕೆ ಒಣಗಿದೆ" ಅಂದಿರಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನದು ಮೂರು ತಿಂಗಳ ನೆಲ. ಮೇಲೆ ಕೈಯಿಟ್ಟರೆ ಪುಡಿಪುಡಿ, ಅಷ್ಟು ಒಣ. ಒಳ್ಳೆಯ ಅಂಟೇ ತಂದು ಹಾಕಿದೆ. ಕೆಲವೇ ವಾರಗಳಲ್ಲಿ ಪ್ರತಿ ಹಲಗೆಯ ಎರಡೂ ಅಂಚು ಎದ್ದು ನಡು ತಗ್ಗಾಯಿತು. ಒಂದೊಂದು ಹಲಗೆಯೂ ಬೊಗಸೆ ಒಡ್ಡಿದ ಹಾಗೆ. ಒಳಗಿನ ನೀರು ನಿಧಾನವಾಗಿ ಮೇಲೆ ಬರುತ್ತಲೇ ಇತ್ತು. ಹಲಗೆಯ ಅಡಿಭಾಗ ಅದನ್ನು ಕುಡಿದು ಉಬ್ಬಿತು, ಮೇಲ್ಭಾಗ ಒಣಗಿಯೇ ಇತ್ತು. ಅಂಟು ಮಾತ್ರ ಒಂದು ಕಡೆಯೂ ಬಿಟ್ಟಿರಲಿಲ್ಲ!

ಆಮೇಲೆ ಇನ್ನೂ ದೊಡ್ಡ ಪೆದ್ದುತನ ಮಾಡಿದೆ. ಎದ್ದ ಅಂಚುಗಳನ್ನು ಮೆಷಿನ್ ಹಾಕಿ ಉಜ್ಜಿ ಸಮ ಮಾಡಿದೆ. ತಿಂಗಳುಗಳು ಕಳೆದು ನೆಲ ಒಣಗಿದಾಗ ಹಲಗೆ ತನ್ನ ಆಕಾರಕ್ಕೆ ಮರಳಿತು. ಅಂಚು ತೆಳ್ಳಗೆ, ನಡು ಉಬ್ಬು. ಸುಮ್ನೆ ಬಿಟ್ಟಿದ್ದರೆ ಅರ್ಧ ಉಳಿಯುತ್ತಿತ್ತೋ ಏನೋ.

ಕಾಂಕ್ರೀಟ್ 25 ಮಿ.ಮೀ. ಒಣಗಲು ಸುಮಾರು ಒಂದು ತಿಂಗಳು ಅನ್ನುವುದು ರೂಢಿಯ ಲೆಕ್ಕ. ನಿಮ್ಮದಕ್ಕೆ ನಾಲ್ಕು ತಿಂಗಳು, ಅದೂ ಗಾಳಿ ಚೆನ್ನಾಗಿ ಆಡಿದರೆ. ಲೆಕ್ಕ ನಂಬಬೇಡಿ, ಅಳೆಯಿರಿ. ದಪ್ಪದ 40% ಆಳಕ್ಕೆ, ಅಂದರೆ 40 ಮಿ.ಮೀ. ತೂತು ಕೊರೆದು, ಧೂಳು ತೆಗೆದು, ಕೊಳವೆ ಕೂರಿಸಿ ಮುಚ್ಚಿ. ಒಂದು ದಿನ ಬಿಟ್ಟು ಕೊಳವೆಯೊಳಗಿನ ಗಾಳಿಯ ತೇವಾಂಶ (ಸಾಪೇಕ್ಷ ಆರ್ದ್ರತೆ) ಮೀಟರ್ ಇಟ್ಟು ನೋಡಿ. ಸಾಮಾನ್ಯವಾಗಿ 75% ದಾಟಿರಬಾರದು ಅನ್ನುತ್ತಾರೆ. ಅಂಟಿನ ಡಬ್ಬದ ಮೇಲೆ ಅದರದೇ ಮಿತಿ ಬರೆದಿರುತ್ತದೆ, ಅದೇ ಕೊನೆಯ ಮಾತು. ಕೊರೆಯುವ ಮೊದಲು ಕೆಳಗೆ ಪೈಪು, ವೈರು ಇದೆಯಾ ಕೇಳಿಕೊಳ್ಳಿ.

ಕೇಳಿದವರು:
ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದರೆ ಸಾಲದಾ?

ಅರೆಬರೆ ಬಡಗಿ:
ಹಾಳೆಯ ಕೆಳಗೆ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಾದರೆ ತೇವ ಇದೆ ಅಂತ ಖಚಿತ. ಏನೂ ಕಾಣದಿದ್ದರೆ ಒಣಗಿದೆ ಅಂತ ಅರ್ಥ ಅಲ್ಲ. ನಾನು ಮೋಸ ಹೋಗಿದ್ದೇ ಅಲ್ಲಿ.

ಮರಹುಳು:
ಕಾಂಕ್ರೀಟ್ ಅಡಿಯಲ್ಲಿ, ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಸಿದ್ದಾರಾ? ಇಲ್ಲದಿದ್ದರೆ ವರ್ಷ ಕಾದರೂ ತೇವ ಮುಗಿಯುವುದಿಲ್ಲ, ಮಣ್ಣಿನಿಂದ ಬರುತ್ತಲೇ ಇರುತ್ತದೆ. ಆಗ ತೇವ ತಡೆಯುವ ಎಪಾಕ್ಸಿ ಬಳಿಯಬೇಕು. ಎಪಾಕ್ಸಿ, ಅಂಟು ಎರಡೂ ಒಂದೇ ಕಂಪನಿಯದ್ದಾದರೆ ಒಳ್ಳೆಯದು. ಒಂದಕ್ಕೊಂದು ಹಿಡಿಯದೆ ಹೋದರೆ ಯಾರನ್ನು ಕೇಳುತ್ತೀರಿ?

ಕೇಳಿದವರು:
ಹಾಸಿದ್ದಾರೆ. ನಾನೇ ನಿಂತು ನೋಡಿದ್ದೇನೆ.

ಕರಣೆ ಕೈಯವಳು:
ನಾನು ಇದೇ ಕೆಲಸ ಮಾಡುವವಳು. ತೇವದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಉಳಿದದ್ದು ನಾನು ಹೇಳುತ್ತೇನೆ.

ನೆಲದ ಮೇಲೆ ನಾಲ್ಕು ಹನಿ ನೀರು ಹಾಕಿ. ಇಂಗದೆ ಮಣಿಯ ಹಾಗೆ ನಿಂತರೆ ಮೇಲೆ ಏನೋ ಬಳಿದಿದ್ದಾರೆ ಅಂತ ಲೆಕ್ಕ. ಅದನ್ನು ಗ್ರೈಂಡಿಂಗ್ ಮಾಡಿ ತೆಗೆಯದಿದ್ದರೆ ಅಂಟು ಆ ಪದರವನ್ನು ಹಿಡಿಯುತ್ತದೆಯೇ ಹೊರತು ಕಾಂಕ್ರೀಟನ್ನಲ್ಲ. ಆ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಸರಿಯಾದ ಮಾಸ್ಕ್ ಹಾಕಿ, ಮೆಷಿನ್‌ಗೆ ವ್ಯಾಕ್ಯೂಮ್ ಜೋಡಿಸಿ.

3 ಮೀಟರ್ ನೇರಪಟ್ಟಿ ಇಟ್ಟಾಗ ಕೆಳಗೆ 5 ಮಿ.ಮೀ.ಗಿಂತ ಜಾಸ್ತಿ ಸಂದು ಕಾಣಬಾರದು. ತಗ್ಗನ್ನು ಅಂಟು ಸುರಿದು ತುಂಬಬೇಡಿ, ದಪ್ಪಗೆ ಬಿದ್ದ ಕಡೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ.

ಅಂಟಿನಲ್ಲಿ ನೀರಿನ ಅಂಶ ಇರಬಾರದು, ಗಟ್ಟಿಮರ ಅದನ್ನೇ ಕುಡಿದು ಉಬ್ಬುತ್ತದೆ. ಪಾಲಿಯುರೆಥೇನ್ ಜಾತಿಯದು ನನಗೆ ಇಷ್ಟ. ಮೆತ್ತಿಕೊಂಡರೆ ಹಸಿ ಇರುವಾಗಲೇ ಒರೆಸಿ. ಒಣಗಿದ ಮೇಲೆ ಹಲಗೆಯ ಪಾಲಿಶ್ ಕೀಳಬಹುದು, ಅದನ್ನು ಕೀಳಲಾಗದು. ಅಂಟು ಹರಡುವ ಹಲ್ಲಿನ ಕರಣೆ ಡಬ್ಬದಲ್ಲಿ ಹೇಳಿದ ಅಳತೆಯದೇ ಇರಲಿ. ಹಲ್ಲು ಸವೆದರೆ ಬೇರೆ ತಗೊಳ್ಳಿ. ಹತ್ತಾರು ಹಲಗೆಗೊಮ್ಮೆ ಈಗಷ್ಟೇ ಇಟ್ಟ ಒಂದನ್ನು ಕಿತ್ತು ಹಿಂಭಾಗ ನೋಡಿ. ಪೂರ್ತಿ ಮೆತ್ತಿರಬೇಕು. ಅಲ್ಲಲ್ಲಿ ಬರೀ ಗೆರೆ ಇದ್ದರೆ ಆಮೇಲೆ ಕಾಲಿಟ್ಟಾಗ ಟೊಳ್ಳು ಸದ್ದು ಬರುತ್ತದೆ.

ಗೋಡೆ ನೇರ ಇದೆ ಅಂತ ನಂಬಬೇಡಿ, ದಾರ ಹೊಡೆದು ಶುರು ಮಾಡಿ. ಸುತ್ತಲೂ 12ರಿಂದ 15 ಮಿ.ಮೀ. ಜಾಗ ಬಿಡಿ, ಸ್ಕರ್ಟಿಂಗ್ ಮುಚ್ಚಿಕೊಳ್ಳುತ್ತದೆ. ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಳ್ಳಿ. ನನ್ನ ಮೊಣಕಾಲು ಕೇಳಿದ್ದರೆ ಇದನ್ನೇ ಮೊದಲು ಹೇಳುತ್ತಿತ್ತು.

ಮರಹುಳು:
120 ಮಿ.ಮೀ. ಅಗಲ ಅಂಟಿಸುವ ಗಟ್ಟಿಮರಕ್ಕೆ ಜಾಸ್ತಿಯೇ. ಅಗಲವಾದಷ್ಟೂ ಹಿಗ್ಗು ಕುಗ್ಗು ಜಾಸ್ತಿ. ವಾಪಸ್ ಕೊಡಲು ಆದರೆ ಪದರ ಪದರವಾಗಿ ಕೂಡಿಸಿದ ಎಂಜಿನಿಯರ್ಡ್ ಹಲಗೆ ನೋಡಬಹುದು.

ಕರಣೆ ಕೈಯವಳು:
ಒಣ ನೆಲ, ಒಣ ಹಲಗೆ ಇದ್ದರೆ 120 ನಡೆಯುತ್ತದೆ. ನಾನು ಹಾಕಿದ್ದೇನೆ. ಆದರೆ ಆ ಕಟ್ಟುಗಳನ್ನು ಇವತ್ತೇ ಅಲ್ಲಿಂದ ಎತ್ತಿ ಸರ್! ಹಸಿ ಕಾಂಕ್ರೀಟ್ ಇರುವ ಕೋಣೆಯಲ್ಲಿ ಇಟ್ಟರೆ ಅಂಟಿಸುವ ಮೊದಲೇ ತೇವ ಹೀರುತ್ತವೆ.

ಕೇಳಿದವರು:
ಮೊನ್ನೆ ಮೂರು ಕಡೆ ಕೊರೆದಿದ್ದೆ, ಈಗ ನೋಡಿದೆ. 88, 91, 89. ಹಲಗೆಗಳು ಸದ್ಯಕ್ಕೆ ನಮ್ಮ ಮಲಗುವ ಕೋಣೆಯಲ್ಲಿವೆ. ಮನೆಯವಳು ಎಷ್ಟು ದಿನ ಅಂತ ಕೇಳಿದಳು. ಎರಡು ತಿಂಗಳು ಅಂದೆ, ಮಾತಾಡಲಿಲ್ಲ.