ರೇಡಿಯೇಷನ್ ಆದ ನಾಲಿಗೆ ಬುಡದಲ್ಲಿ ಮತ್ತೆ ಗಡ್ಡೆ: ರೋಬೋಟ್ ಯಾರಿಗೆ, ಯಾರಿಗೆ ಬೇಡ?

ಇಎನ್‌ಟಿ_ಪಿಜಿ:
ಕೀಮೋ-ರೇಡಿಯೇಷನ್ ಮುಗಿದು ವರ್ಷವಾದ ಮೇಲೆ ನಾಲಿಗೆ ಬುಡದ ಒಂದು ಪಕ್ಕದಲ್ಲಿ 2 ಸೆಂ.ಮೀ. ಕ್ಯಾನ್ಸರ್ ಗಡ್ಡೆ ಮರುಕಳಿಸಿದರೆ, ದವಡೆ ಸೀಳದೆ ಬಾಯಿಯ ಮೂಲಕ ಡಾ ವಿಂಚಿ ಶಸ್ತ್ರಚಿಕಿತ್ಸಾ ರೋಬೋಟ್‌ನಲ್ಲಿ ತೆಗೆಯಬಹುದೇ? ರೇಡಿಯೇಷನ್ ಆಗದವರಿಗೆ ಮೊದಲ ಸಲ ಮಾಡುವ ಟಾರ್ಸ್‌ಗಿಂತ (ಬಾಯಿಯ ಮೂಲಕ ರೋಬೋಟ್ ಶಸ್ತ್ರಚಿಕಿತ್ಸೆ) ಇದು ಎಲ್ಲಿ ಬೇರೆ?

ಕತ್ತು_ಗಂಟಲು:
ತೆಗೆಯಬಹುದು. ಆದರೆ ಮೊದಲು ಬಾಯಿ ಎಷ್ಟು ತೆರೆಯುತ್ತೆ ನೋಡಿ. ರೇಡಿಯೇಷನ್‌ನಿಂದ ನಾರುಗಟ್ಟಿದ ಸ್ನಾಯು ಅರಿವಳಿಕೆ ಕೊಟ್ಟರೂ ಸಡಿಲವಾಗಲ್ಲ. ಬಯಾಪ್ಸಿಗೆ ಮಲಗಿಸಿದ ದಿನವೇ ಎಫ್‌ಕೆ ರಿಟ್ರಾಕ್ಟರ್ (ಬಾಯಿ ಅಗಲಿಸಿ ನಾಲಿಗೆ ಒತ್ತಿ ಹಿಡಿಯುವ ಸಾಧನ) ಹಾಕಿ ಗಡ್ಡೆಯ ಕೆಳಗಿನ ಅಂಚು ಕಾಣುತ್ತಾ ಅಂತ ಪರೀಕ್ಷಿಸಿಬಿಡಿ. ಕಾಣದಿದ್ದರೆ ಮಾತು ಅಲ್ಲಿಗೇ ಮುಗೀತು. ಆಮೇಲೆ ಸ್ಕ್ಯಾನ್. ಕತ್ತಿನ ದೊಡ್ಡ ರಕ್ತನಾಳ ಕ್ಯಾರೊಟಿಡ್ ಗಂಟಲ ಗೋಡೆಯ ಹಿಂದಕ್ಕೆ ಬಾಗಿ ಬಂದಿದ್ದರೆ, ಗಡ್ಡೆ ಅದನ್ನು ಸುತ್ತಿಕೊಂಡಿದ್ದರೆ, ದವಡೆ ಮೂಳೆಗೆ ಇಳಿದಿದ್ದರೆ, ಬೆನ್ನುಮೂಳೆ ಮುಂದಿನ ಪೊರೆಗೆ ಅಂಟಿದ್ದರೆ ಬೇಡ. ನಾಲಿಗೆಗೆ ರಕ್ತ ಒಯ್ಯುವ ಎರಡೂ ಕಡೆಯ ಲಿಂಗ್ವಲ್ ಅಪಧಮನಿ ಬಲಿ ಕೊಡಬೇಕಾದರೂ ಬೇಡ, ಉಳಿದ ನಾಲಿಗೆಗೆ ರಕ್ತ ಎಲ್ಲಿಂದ ಬರಬೇಕು?

ಮಾರ್ಜಿನ್:
ದೊಡ್ಡ ವ್ಯತ್ಯಾಸ ಕತ್ತರಿಸುವ ಅಂಚಿನದ್ದು, ಅಲ್ಲಿ ಕ್ಯಾನ್ಸರ್ ಉಳಿಯಬಾರದು. ಮರುಕಳಿಸಿದ ಗಡ್ಡೆ ಒಂದೇ ಮುದ್ದೆಯಾಗಿರದೆ ಗಾಯದ ನಾರಿನ ನಡುವೆ ಚೂರುಚೂರಾಗಿ ಅಡಗಿರಬಹುದು. ಹಾಗಾಗಿ ಫ್ರೋಜನ್ (ಆಪರೇಷನ್ ನಡುವೆಯೇ ಅಂಚಿನ ಚೂರು ಹೆಪ್ಪುಗಟ್ಟಿಸಿ ಮಾಡುವ ಪರೀಕ್ಷೆ) ನೆಗೆಟಿವ್ ಬಂತು ಅಂತ ಪೂರ್ತಿ ನಂಬಬೇಡಿ. ಜೊತೆಗೆ ಆಸ್ಪತ್ರೆಗಳಲ್ಲಿರುವ ಹೆಚ್ಚಿನ ಯಂತ್ರಗಳಲ್ಲಿ ಕೈಗೆ ಸ್ಪರ್ಶವೇ ತಿಳಿಯಲ್ಲ. ಕಣ್ಣೇ ಎಲ್ಲ, ಆ ಕಣ್ಣಿಗೂ ನಾರು, ಗಡ್ಡೆ ಎರಡೂ ಬೆಳ್ಳಗೆ. ರೋಬೋಟ್ ತೋಳು ಜೋಡಿಸುವ ಮುಂಚೆ ಬೆರಳು ಹಾಕಿ ಗಟ್ಟಿ ಜಾಗ ಗುರುತಿಸಿ, ನಡುವೆಯೂ ಒಮ್ಮೆ ಮುಟ್ಟಿ ನೋಡಿ. ನಾಲಿಗೆ ಬುಡಕ್ಕೆ 30 ಡಿಗ್ರಿ ಕ್ಯಾಮೆರಾ ಇರಲಿ.

ರಕ್ತನಾಳ:
ರಕ್ತಸ್ರಾವದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಸುಟ್ಟ ಪದರ ಉದುರುವ ಎರಡನೇ ವಾರದಲ್ಲಿ, ರೋಗಿ ಮನೆಗೆ ಹೋದ ಮೇಲೆ, ಅದು ಶುರುವಾಗಬಹುದು. ರೇಡಿಯೇಷನ್ ತಿಂದ ಜಾಗ ಮಾಯುವುದೂ ನಿಧಾನ. ಕತ್ತಿನ ಗ್ರಂಥಿ ತೆಗೆಯಲು ಕತ್ತು ತೆರೆದಾಗಲೇ ಗಡ್ಡೆ ಇರುವ ಪಕ್ಕದ ಲಿಂಗ್ವಲ್, ಫೇಶಿಯಲ್ ಅಪಧಮನಿ ಕವಲುಗಳನ್ನು ಕಟ್ಟಿಬಿಡಿ. ಗಂಟಲಿಗೂ ಕತ್ತಿಗೂ ತೂತು ಬಿದ್ದರೆ ಎಂಜಲು ಕ್ಯಾರೊಟಿಡ್ ಮೇಲೆ ಸುರಿದು ನಾಳವೇ ಒಡೆಯಬಹುದು, ಅಂಥಲ್ಲಿ ಮುಂಗೈ ಅಥವಾ ಎದೆ ಸ್ನಾಯುವಿನ ಫ್ಲಾಪ್ (ರಕ್ತ ಹರಿವಿರುವ ಅಂಗಾಂಶದ ತೇಪೆ) ಹಾಕದೆ ಮುಚ್ಚಬೇಡಿ. ಇಷ್ಟು ಕೆಲಸವಿದ್ದರೆ ಟ್ರಕಿಯಾಸ್ಟಮಿ (ಉಸಿರಾಟಕ್ಕೆ ಶ್ವಾಸನಾಳದಲ್ಲಿ ರಂಧ್ರ) ಮೊದಲೇ ಮಾಡಿಡಿ.

ಇಎನ್‌ಟಿ_ಪಿಜಿ:
ಧನ್ಯವಾದ ಸರ್. ಮರುಕಳಿಸಿದ ಗಂಟಲು ಗಡ್ಡೆಗಳಲ್ಲಿ ರೋಬೋಟನ್ನು ತೆರೆದ ಶಸ್ತ್ರಚಿಕಿತ್ಸೆಗೆ ಹೋಲಿಸಿದ 2013ರ ಅಧ್ಯಯನದಲ್ಲಿ ರೋಬೋಟ್ ಗುಂಪಿನ ಫಲಿತಾಂಶ ಚೆನ್ನಾಗಿತ್ತಲ್ಲ?

ಮಾರ್ಜಿನ್:
ಚೆನ್ನಾಗಿತ್ತು, ಆಸ್ಪತ್ರೆ ವಾಸವೂ ಫೀಡಿಂಗ್ ಟ್ಯೂಬೂ ಕಡಿಮೆ. ಆದರೆ ಅದು ಹಳೇ ದಾಖಲೆ ತೆಗೆದು ಜೋಡಿ ಮಾಡಿ ನೋಡಿದ್ದು, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಬಾಯಿಯಿಂದ ಸುಲಭವಾಗಿ ಸಿಗುವ ಗಡ್ಡೆಗಳೇ ರೋಬೋಟ್ ಪಾಲಿಗೆ ಹೋಗಿರುತ್ತವೆ. ಅಂದಹಾಗೆ, ನಮ್ಮಲ್ಲಿ ತಂಬಾಕಿನಿಂದ ಹೆಚ್ಚಾಗಿ ಬರುವ ಕೆನ್ನೆ-ಒಸಡಿನ ಗಡ್ಡೆಗೆ ಇದನ್ನು ಕೇಳಿಕೊಂಡು ಬರುವವರಿಗೆ ಬಿಡಿಸಿ ಹೇಳಿ: ಬಾಯಿ ಬಿಟ್ಟರೆ ಕಾಣುವ ಜಾಗಕ್ಕೆ ರೋಬೋಟಿನ ಖರ್ಚು ದಂಡ.